ಒಡಲೊಳಗಿನ ಬರಹ: ರಾಜಘಟ್ಟದ ಮಣ್ಣಿನ ಸ್ತೂಪಗಳು ಮತ್ತು ಬೌದ್ಧ ಶಿಲ್ಪದ ಎಚ್ಚರ

ಬೌದ್ಧ ಶಿಲ್ಪವನ್ನು ಕುರಿತ ಕನ್ನಡ ಬರಹಗಳಲ್ಲಿ ಒಂದು ವಿವರಣೆ ಮತ್ತೆ ಮತ್ತೆ ಎದುರಾಗುತ್ತದೆ. ಅರೆಮುಚ್ಚಿದ ಕಣ್ಣು, ತುಟಿಯಂಚಿನ ಮಂದಹಾಸ, ಮಡಿಲಲ್ಲಿ ನೆಲೆನಿಂತ ಕೈ, ಇವು ನೋಡುವವನ ಚಿತ್ತವನ್ನು ಹೊರಗಿನಿಂದ ಒಳಕ್ಕೆ ತಿರುಗಿಸುತ್ತವೆ. ಆದ್ದರಿಂದ ಬೌದ್ಧ ಶಿಲ್ಪವೆಂಬುದು ಧ್ಯಾನಕ್ಕೆ, ಎಚ್ಚರಕ್ಕೆ ಕೊಟ್ಟ ಕರೆ ಎಂಬುದು ಆ ವಿವರಣೆಯ ಸಾರ. ಇದು ತಪ್ಪೆನ್ನುವಂತಿಲ್ಲ. ಸಾರನಾಥದ ಗುಪ್ತರ ಕಾಲದ ಬುದ್ಧನ ಮುಂದೆ ನಿಂತವರಿಗೆ ಈ ಮಾತನ್ನು ವಾದಿಸಿ ತೋರಿಸಬೇಕಾಗಿಲ್ಲ. ತೊಡಕಿರುವುದು ಬೇರೆಡೆ. ಈ ವಿವರಣೆ ಇಡಿಯಾಗಿ ಮುಖವನ್ನು ನಂಬಿ ನಿಂತಿದೆ. ಮುಖವಿಲ್ಲದ, ಕಣ್ಣಿಲ್ಲದ, ಅಂಗೈಯಗಲದ, ನೂರಾರು ಸಂಖ್ಯೆಯಲ್ಲಿ ಒಂದೇ ಬಗೆಯಾಗಿ ದೊರೆಯುವ ಬೌದ್ಧ ವಸ್ತುಗಳ ಮುಂದೆ ಅದಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರಾಜಘಟ್ಟದಲ್ಲಿ ದೊರೆತಿರುವುದು ಅಂಥ ವಸ್ತುಗಳೇ.

ದೊಡ್ಡಬಳ್ಳಾಪುರ ಪಟ್ಟಣಕ್ಕೆ ಸಮೀಪದ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ.ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 2001ರಲ್ಲಿಯೂ 2004ರಲ್ಲಿಯೂ ಉತ್ಖನನ ನಡೆಯಿತು. ಚೈತ್ಯಗೃಹ ಮತ್ತು ವಿಹಾರದ ಇಟ್ಟಿಗೆಯ ತಳಪಾಯಗಳು ಬೆಳಕಿಗೆ ಬಂದವು. ಅವುಗಳೊಂದಿಗೆ ಮಣ್ಣಿನ ಕಿರುಸ್ತೂಪಗಳು ರಾಶಿಯಾಗಿ ದೊರೆತವು. ಈ ಕಿರುಸ್ತೂಪಗಳ ಒಡಲಲ್ಲಿ ಅಕ್ಷರವೊತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಬಿಲ್ಲೆಗಳ ಮೇಲಿದ್ದುದು ಪ್ರತೀತ್ಯಸಮುತ್ಪಾದದ ಗಾಥೆಯೆಂದು ವಿದ್ವಾಂಸರು ಗುರುತಿಸಿದರು. ಕಾರಣದಿಂದ ಹುಟ್ಟುವ ಸಂಗತಿಗಳಿಗೆಲ್ಲ ಕಾರಣವನ್ನೂ ಅವುಗಳ ನಿಲುಗಡೆಯನ್ನೂ ತಥಾಗತನು ತಿಳಿಸಿದನೆಂಬುದು ಅದರ ತಾತ್ಪರ್ಯ. ಲಿಪಿಯ ಲಕ್ಷಣವನ್ನು ಹಿಡಿದು ಇವನ್ನು ಕ್ರಿ.ಶ. ಐದು–ಆರನೆಯ ಶತಮಾನಗಳ ಆಸುಪಾಸಿಗೆ, ಎಂದರೆ ಗಂಗರ ಆಳ್ವಿಕೆಯ ಮೊದಲ ಘಟ್ಟಕ್ಕೆ, ಸೇರಿಸಲಾಗಿದೆ. ಅಲ್ಲಿಯವರೆಗೆ ಕರ್ನಾಟಕದ ಬೌದ್ಧ ನೆಲೆಗಳೆಂದೊಡನೆ ಸನ್ನತಿ, ಬನವಾಸಿ, ಐಹೊಳೆ, ಬಳ್ಳಿಗಾವೆ, ಡಂಬಳ, ಕದ್ರಿಗಳ ಹೆಸರು ಬರುತ್ತಿತ್ತು. ಗಂಗವಾಡಿಯ ಈ ಭಾಗವನ್ನು ಜೈನ ಮತ್ತು ಶೈವ ನೆಲೆಗಳ ಮೂಲಕವೇ ಗುರುತಿಸುವುದು ರೂಢಿಯಾಗಿತ್ತು.

ರಾಜಘಟ್ಟ ಇತಿಹಾಸಕಾರರ ಗಮನಕ್ಕೆ ಬಂದಿತು. ಶಿಲ್ಪವಿಮರ್ಶೆಯ ಗಮನಕ್ಕೆ ಬರಲಿಲ್ಲ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಪುರಾತತ್ತ್ವದ ಪಟ್ಟಿಗಳಲ್ಲಿ ಇಂಥ ವಸ್ತುಗಳು ‘ಕಿರು ಅವಶೇಷ’ಗಳ ಸಾಲಿಗೆ ಸೇರುತ್ತವೆ. ಮಣಿ, ಬಳೆಚೂರು, ಬಿಲ್ಲೆಗಳ ಜತೆಗೆ ಅವುಗಳ ಸ್ಥಾನ. ಶಿಲ್ಪವೆಂದರೆ ಶಿಲೆ, ಶಿಲೆಯೆಂದರೆ ಉಳಿ, ಉಳಿಯೆಂದರೆ ಹೆಸರುಳ್ಳ ರೂವಾರಿ ಎಂಬ ಎಣಿಕೆ ಕನ್ನಡ ಕಲಾಚರಿತ್ರೆಯಲ್ಲಿ ಆಳವಾಗಿ ಬೇರೂರಿದೆ. ಬೇಲೂರು ಹಳೇಬೀಡುಗಳ ಸಹಿಹಾಕಿದ ಶಿಲ್ಪಿಗಳು ಈ ಎಣಿಕೆಗೆ ಬಲ ತುಂಬಿದ್ದಾರೆ. ಅಚ್ಚಿನಿಂದ ತೆಗೆದ, ಕೈಯಿಂದ ಅದುಮಿದ, ಒಂದರಂತೆ ಇನ್ನೊಂದಿರುವ ಮಣ್ಣಿನ ರೂಪಕ್ಕೆ ಶಿಲ್ಪವೆಂಬ ಹೆಸರು ಸಲ್ಲುವುದೇ ಎಂಬ ಪ್ರಶ್ನೆಯನ್ನೇ ಕೇಳದೆ ಅದನ್ನು ಬದಿಗಿಡಲಾಗಿದೆ. ಜಾನಪದ ಅಧ್ಯಯನಕ್ಕೆ ಈ ಬದಿಗಿಡುವಿಕೆ ಹೊಸದಲ್ಲ. ಕುಂಬಾರನ ಕೆಲಸ ಕಸುಬಾಗಿ, ಕಲ್ಲುಕುಟಿಗನ ಕೆಲಸ ಕಲೆಯಾಗಿ ವಿಂಗಡಣೆಗೊಂಡ ಶ್ರೇಣಿಯೇ ಇಲ್ಲಿಯೂ ಕೆಲಸ ಮಾಡಿದೆ.

ಬೌದ್ಧ ಪರಿಭಾಷೆಯಲ್ಲಿ ‘ಎಚ್ಚರ’ವೆಂಬ ಅರ್ಥಕ್ಕೆ ಬಳಕೆಯಾಗುವ ಪದ ಪಾಲಿಯಲ್ಲಿ ‘ಸತಿ’, ಸಂಸ್ಕೃತದಲ್ಲಿ ‘ಸ್ಮೃತಿ’. ಮೂಲತಃ ಅದು ನೆನಪಿಗೆ ಸಂಬಂಧಿಸಿದ ಪದ. ಈಚಿನ ದಶಕಗಳಲ್ಲಿ ನಗರಗಳ ಕಚೇರಿ, ಆಸ್ಪತ್ರೆ, ಶಾಲೆಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಿಂದ ಹಬ್ಬಿರುವ ಅಭ್ಯಾಸ ಈ ಪದದಿಂದಲೇ ಹೊರಟಿದ್ದರೂ ಅದರಲ್ಲಿ ನೆನಪಿನ ಅಂಶ ಬಹುಮಟ್ಟಿಗೆ ಕಳಚಿಹೋಗಿ, ಈ ಕ್ಷಣದಲ್ಲಿ ಗಮನವಿಡುವುದೆಂಬ ಅರ್ಥವೊಂದೇ ಉಳಿದಿದೆ. ಬುದ್ಧಾನುಸ್ಮೃತಿಯೆಂಬ ಸಾಧನೆಯಲ್ಲಿ ಸಾಧಕನು ಬುದ್ಧನ ಗುಣಗಳನ್ನು ಒಂದೊಂದಾಗಿ ನೆನೆಯುತ್ತಾನೆ. ಅಲ್ಲಿ ಎಚ್ಚರವೂ ನೆನಹೂ ಎರಡಲ್ಲ. ಕನ್ನಡದ ‘ನೆನಹು’ ಎಂಬ ಪದಕ್ಕೆ ವಚನಕಾರರ ಬಳಕೆಯಲ್ಲಿ ಇದೇ ಇಮ್ಮಡಿ ಅರ್ಥವಿರುವುದು ಗಮನಾರ್ಹ. (ಇದೇ ಕನ್ನಡದಲ್ಲಿ ಮಣ್ಣೂ ‘ನೆನೆಯುತ್ತದೆ’, ಆದರೆ ಪದಗಳ ಇಂಥ ಆಕಸ್ಮಿಕ ಹೊಂದಿಕೆಯ ಮೇಲೆ ವಾದ ಕಟ್ಟಬಾರದು.) ಬೌದ್ಧ ಶಿಲ್ಪ ಎಚ್ಚರಕ್ಕೆ ಕರೆ ನೀಡುತ್ತದೆಯೆಂದು ಹೇಳುವಾಗ ಯಾವ ಎಚ್ಚರ, ಯಾರ ಎಚ್ಚರ, ದೇಹದ ಯಾವ ಅಂಗದ ಮೂಲಕ ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿಕೊಳ್ಳದಿದ್ದರೆ ಆ ಹೇಳಿಕೆ ಬರಿಯ ಹೊಗಳಿಕೆಯಾಗಿ ನಿಲ್ಲುತ್ತದೆ.

ಆನಂದ ಕುಮಾರಸ್ವಾಮಿ 1930ರ ದಶಕದಲ್ಲಿ ಬರೆದ ಗ್ರಂಥಗಳಲ್ಲಿ ಭಾರತೀಯ ಪ್ರತಿಮೆ ಧ್ಯಾನಕ್ಕೆ ಆಧಾರವೆಂಬುದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಶಿಲ್ಪಿ ಮೊದಲು ದೇವತೆಯ ರೂಪವನ್ನು ಮನಸ್ಸಿನಲ್ಲಿ ಧ್ಯಾನಿಸಿ ಕಾಣುತ್ತಾನೆ, ಅನಂತರ ಕಡೆಯುತ್ತಾನೆ. ನೋಡುವವನು ಆ ಹಾದಿಯನ್ನೇ ಹಿಂದಕ್ಕೆ ನಡೆಯುತ್ತಾನೆ ಎಂಬುದು ಅವರ ನಿಲುವು. ಈ ನಿಲುವು ಶಿಲ್ಪಿಯನ್ನು ಕೂಲಿಕಾರನ ಸ್ಥಾನದಿಂದ ಸಾಧಕನ ಸ್ಥಾನಕ್ಕೆ ಏರಿಸಿತೆಂಬುದು ಅದರ ದೊಡ್ಡ ಗುಣ. ಆದರೆ ಇಲ್ಲಿಯೂ ಎಚ್ಚರದ ಎರಡು ನೆಲೆಗಳು ಕಡೆಯುವುದಕ್ಕೆ ಮುಂಚಿನ ಧ್ಯಾನ ಮತ್ತು ಕಡೆದು ಮುಗಿದ ಮೇಲಿನ ನೋಟ ಮಾತ್ರ. ನಡುವೆ ಕೈ ಕೆಲಸಮಾಡುತ್ತಿರುವ ಹೊತ್ತು ಒಂದು ದಾಟುವ ಸೇತುವೆಯಷ್ಟೆ. ರಾಜಘಟ್ಟದ ವಸ್ತುಗಳು ಈ ನಡುವಣ ಹೊತ್ತನ್ನೇ ಮುಂದುಮಾಡುತ್ತವೆ.

ಅವುಗಳ ತಯಾರಿಕೆಯ ಹಂತಗಳನ್ನು ಯೋಚಿಸಿ ನೋಡಬೇಕು. ಕೆರೆಯಂಗಳದ ಅಥವಾ ಹೊಲದ ಜೇಡಿಯನ್ನು ತಂದು, ಕಲ್ಲು ಬೇರು ಆಯ್ದು, ನೆನೆಹಾಕಿ, ತುಳಿದು ಹದಮಾಡಬೇಕು. ಹದ ತಪ್ಪಿದರೆ ಒಣಗುವಾಗ ಬಿರುಕು ಬಿಡುತ್ತದೆ. ಇದನ್ನು ಯಾವ ಕುಂಬಾರನಾದರೂ ಹೇಳಬಲ್ಲ. ಇಂಥ ಬಿಲ್ಲೆಗಳಿಗೆ ಸಾಮಾನ್ಯವಾಗಿ ಮುದ್ರೆಯೊತ್ತುವ ಪದ್ಧತಿ. ಮುದ್ರೆಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆದಿರಬೇಕು. ಒತ್ತಿದ ಬಿಲ್ಲೆಯ ಅಕ್ಷರ ಕೆಡದಂತೆ ಅದನ್ನು ಹಸಿ ಮಣ್ಣಿನ ಮುದ್ದೆಯೊಳಗೆ ಹುದುಗಿಸಿ, ಹೊರಗೆ ಸ್ತೂಪದ ಆಕಾರ ಮೂಡಿಸಬೇಕು. ಆ ಬಳಿಕ ಒಳಗಿನ ಬರಹ ಯಾರಿಗೂ ಕಾಣುವುದಿಲ್ಲ. ಓದಲೆಂದು ಬರೆದುದಲ್ಲ ಅದು. ಬರೆದವನೂ ಇನ್ನೊಮ್ಮೆ ಓದಲಾರ. ಗಾಥೆಯೊಂದು ಕಣ್ಣಿನ ಮುಂದೆ ಇರುವುದು ಮುದ್ರೆಯನ್ನು ಎತ್ತಿ ಮಣ್ಣನ್ನು ಮುಚ್ಚುವ ನಡುವಿನ ಅಲ್ಪ ಹೊತ್ತು ಮಾತ್ರ. ಮತ್ತೊಂದು ಬಿಲ್ಲೆ, ಮತ್ತೊಮ್ಮೆ ಅದೇ ಕ್ರಿಯೆ. ಶಿಲ್ಪದ ಕರೆ ನೋಡುಗನಿಗೆ ಎಂಬ ವಿವರಣೆ ಇಲ್ಲಿ ಕುಸಿಯುತ್ತದೆ. ಕರೆ ಇದ್ದರೆ ಅದು ಮಾಡುವ ಕೈಗೆ ಇದೆ.

ಈ ಪದ್ಧತಿ ರಾಜಘಟ್ಟಕ್ಕೆ ಸೀಮಿತವಲ್ಲ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಹ್ಯೂಯೆನ್ ತ್ಸಾಂಗ್, ಮಗಧದ ಜಯಸೇನನೆಂಬ ಉಪಾಸಕನು ಐದಾರು ಅಂಗುಲ ಎತ್ತರದ ಕಿರುಸ್ತೂಪಗಳನ್ನು ಮಾಡಿ ಅವುಗಳೊಳಗೆ ಸೂತ್ರದ ಬರಹವನ್ನು ಇರಿಸುತ್ತಿದ್ದುದನ್ನು ವಿವರಿಸಿದ್ದಾನೆ. ಅದಕ್ಕೆ ‘ಧರ್ಮಶರೀರ’ವೆಂಬ ಹೆಸರಿತ್ತು. ಅದೇ ಶತಮಾನದ ಕೊನೆಯ ದಶಕಗಳ ಯಾತ್ರಿಕ ಇತ್ಸಿಂಗ್ ಇನ್ನೂ ಸ್ಪಷ್ಟವಾಗಿ, ಗುರುವಿನ ಅಸ್ಥಿ ಮತ್ತು ಕಾರಣಪರಂಪರೆಯ ಗಾಥೆ ಎರಡನ್ನೂ ಒಂದೇ ಪಂಕ್ತಿಯ ಅವಶೇಷಗಳೆಂದು ಹೇಳುತ್ತಾನೆ. ಬೂದಿ ಎಲುಬುಗಳ ಜಾಗದಲ್ಲಿ ಮಾತನ್ನಿಟ್ಟ ಪರಂಪರೆಯಿದು. ನಾಲಂದಾ, ಬೋಧಗಯೆಗಳಿಂದ ಹಿಡಿದು ಆಗ್ನೇಯ ಏಷ್ಯಾದವರೆಗೆ ಇಂಥ ವಸ್ತುಗಳು ದೊರೆತಿವೆ. ರಾಜಘಟ್ಟದ ಮಹತ್ತ್ವವಿರುವುದು ಗಂಗವಾಡಿಯ ಒಳನಾಡಿನ ಒಂದು ನೆಲೆ ಈ ವಿಶಾಲ ಜಾಲದ ಗಂಟಾಗಿದ್ದುದರಲ್ಲಿ. ಅದೂ ಈ ಚೀನೀ ಯಾತ್ರಿಕರ ಕಾಲಕ್ಕಿಂತ ಮುಂಚೆಯೇ.

ಬಿಲ್ಲೆಯ ಮೇಲಿನ ಗಾಥೆಗೆ ಬೌದ್ಧ ಪರಂಪರೆಯಲ್ಲಿ ಒಂದು ಕಥೆಯಿದೆ. ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಆ ಪ್ರಸಂಗದಲ್ಲಿ ಅಸ್ಸಜಿ ಎಂಬ ಭಿಕ್ಷು ರಾಜಗೃಹದ ಬೀದಿಯಲ್ಲಿ ಭಿಕ್ಷೆಗೆ ಹೊರಟಿರುತ್ತಾನೆ. ಅವನ ಹೆಜ್ಜೆ, ಕೈ ಚಾಚುವ ಮಡಿಸುವ ರೀತಿ, ತಗ್ಗಿಸಿದ ಕಣ್ಣು ಇವನ್ನು ಪರಿವ್ರಾಜಕನಾಗಿದ್ದ ಸಾರಿಪುತ್ತ ಕಾಣುತ್ತಾನೆ. ಬೆನ್ನುಹತ್ತುತ್ತಾನೆ, ಆದರೆ ಭಿಕ್ಷೆಯ ಹೊತ್ತಿನಲ್ಲಿ ತಡೆದು ಕೇಳುವುದು ಸರಿಯಲ್ಲವೆಂದು ಕಾಯುತ್ತಾನೆ. ಭಿಕ್ಷೆ ಮುಗಿದ ಮೇಲೆ, ನಿನ್ನ ಶಾಸ್ತಾರನಾರು, ಅವನ ಬೋಧೆಯೇನು ಎಂದು ಕೇಳಿದಾಗ ದೊರೆತ ಚಿಕ್ಕ ಉತ್ತರವೇ ಈ ಗಾಥೆ. ಕಥೆಯ ಒಳವಿನ್ಯಾಸ ಕುತೂಹಲಕರ. ಮೊದಲು ಕಾಣುವುದು ಎಚ್ಚರದ ದೇಹ, ಆಮೇಲೆ ಕೇಳುವುದು ಮಾತು. ಗಾಥೆಯಲ್ಲಿ ಉಳಿದಿರುವುದು ಮಾತು ಮಾತ್ರ; ನಡೆಯನ್ನು ಗಾಥೆ ಹೇಳುವುದಿಲ್ಲ. ಮಣ್ಣು ಹದಮಾಡಿ, ಒತ್ತಿ, ಮುಚ್ಚುವ ಕ್ರಿಯೆ ಮಾತಿನಿಂದ ಕಳಚಿಹೋದ ಆ ನಡೆಯನ್ನು ಇನ್ನೊಂದು ದೇಹದಲ್ಲಿ ಮತ್ತೆ ಜೋಡಿಸುತ್ತದೆ ಎಂದು ಓದಲು ಅವಕಾಶವಿದೆ.

ಇದಕ್ಕೆ ಬಲವಾದ ಆಕ್ಷೇಪವೂ ಇದೆ. ಕಿರುಸ್ತೂಪಗಳು ಧ್ಯಾನದ ಸಾಧನಗಳಲ್ಲ, ಪುಣ್ಯಸಂಪಾದನೆಯ ಸಾಧನಗಳು. ಹೆಚ್ಚು ಸ್ತೂಪ ಮಾಡಿದವನಿಗೆ ಹೆಚ್ಚು ಪುಣ್ಯ. ಸಂಖ್ಯೆಯ ಹಿಂದೆ ಎಚ್ಚರವಿಲ್ಲ, ಲೆಕ್ಕವಿದೆ ಎಂಬುದು ಆ ಆಕ್ಷೇಪ. ಗ್ರೆಗರಿ ಶೋಪೆನ್ ಅವರ ಸಂಶೋಧನೆಗಳು ಬೌದ್ಧ ಧರ್ಮವನ್ನು ಗ್ರಂಥಗಳಿಂದಲ್ಲ, ನೆಲದಲ್ಲಿ ದೊರೆತ ವಸ್ತುಗಳಿಂದ ಅರಿಯಬೇಕೆಂದು ತೋರಿಸಿಕೊಟ್ಟಿವೆ. ಗಾಥೆಯನ್ನು ಹುದುಗಿಸುವುದೆಂದರೆ ಬುದ್ಧನನ್ನೇ ಅಲ್ಲಿ ಇರುವಂತೆ ಮಾಡುವುದು, ಆ ಸನ್ನಿಧಿಯ ಬಳಿ ತಮ್ಮ ಕುರುಹನ್ನಿಡುವುದು ಜನರ ಆಶಯವಾಗಿತ್ತು ಎಂಬುದು ಅವರ ವಾದದ ದಿಕ್ಕು. ಬೌದ್ಧ ಧರ್ಮವೆಂದರೆ ಧ್ಯಾನವೊಂದೇ ಎಂಬ ಹತ್ತೊಂಬತ್ತನೆಯ ಶತಮಾನದ ನಂತರದ ಚಿತ್ರವನ್ನು ಐದನೆಯ ಶತಮಾನದ ದೊಡ್ಡಬಳ್ಳಾಪುರದ ಸೀಮೆಯ ಮೇಲೆ ಹೇರಬಾರದೆಂಬ ಎಚ್ಚರಿಕೆಯನ್ನು ಒಪ್ಪಲೇಬೇಕು.

ಆದರೆ ಆಕ್ಷೇಪದಲ್ಲಿಯೂ ಒಂದು ಊಹೆ ಅಡಗಿದೆ: ಪುಣ್ಯ ಬೇರೆ, ಧ್ಯಾನ ಬೇರೆ, ಮಣ್ಣಿನ ಕೆಲಸ ಬೇರೆ, ಚಿತ್ತದ ಕೆಲಸ ಬೇರೆ ಎಂಬುದು. ಬುದ್ಧಘೋಷನ ವಿಸುದ್ಧಿಮಗ್ಗ ರಾಜಘಟ್ಟದ ಬಿಲ್ಲೆಗಳಿಗೆ ಹೆಚ್ಚುಕಡಮೆ ಸಮೀಪದ ಕಾಲದ್ದು, ಐದನೆಯ ಶತಮಾನದ್ದು. ಅದರಲ್ಲಿ ಪೃಥ್ವೀಕಸಿಣವೆಂಬ ಧ್ಯಾನಸಾಧನದ ವಿವರವಿದೆ. ಸಾಧಕನು ಅರುಣವರ್ಣದ ಮಣ್ಣನ್ನು ತಂದು, ಹುಲ್ಲು ಬೇರು ಹರಳು ಮರಳುಗಳನ್ನು ತೆಗೆದು, ಚೆನ್ನಾಗಿ ನಾದಿ, ಒಂದು ಗೇಣು ನಾಲ್ಕು ಅಂಗುಲದ ಬಿಲ್ಲೆಯನ್ನು ತಾನೇ ಮಾಡಿಕೊಳ್ಳಬೇಕು. ಅದನ್ನು ಭೇರಿಯ ಚರ್ಮದಂತೆ ಸಮತಟ್ಟಾಗಿಸಿ, ಎರಡೂವರೆ ಮೊಳ ದೂರದಲ್ಲಿ ಕುಳಿತು, ಕಣ್ಣನ್ನು ತೀರ ಅಗಲಿಸದೆ ತೀರ ಕಿರಿದಾಗಿಸದೆ ನೋಡಬೇಕು. ಕಣ್ಣು ಮುಚ್ಚಿದಾಗಲೂ ತೆರೆದಾಗಿನಂತೆಯೇ ಬಿಲ್ಲೆ ತೋರತೊಡಗಿದರೆ ಆಮೇಲೆ ಮಣ್ಣಿನ ಅಗತ್ಯವಿಲ್ಲ. ಅದನ್ನು ಬಿಟ್ಟು ತನ್ನ ವಸತಿಗೆ ಹೋಗಿ ಅಭ್ಯಾಸವನ್ನು ಮುಂದುವರಿಸುತ್ತಾನೆ. ಸಿಂಹಳದ ಮಹಾವಿಹಾರದಲ್ಲಿ ರಚಿತವಾದ ಈ ಗ್ರಂಥವನ್ನು ರಾಜಘಟ್ಟದ ಭಿಕ್ಷುಗಳಿಗೆ ನೇರವಾಗಿ ಅನ್ವಯಿಸುವುದು ಸಲ್ಲದು; ನಿಕಾಯ ಬೇರೆ, ನೆಲ ಬೇರೆ. ಆದರೂ ಅದೇ ಕಾಲದ ಬೌದ್ಧ ಲೋಕದಲ್ಲಿ ಮಣ್ಣನ್ನು ಆಯುವುದು, ನಾದುವುದು, ಬಿಲ್ಲೆ ತಟ್ಟುವುದು ಧ್ಯಾನದ ಹೊರಗಿನ ಪೂರ್ವಸಿದ್ಧತೆಯಾಗಿರದೆ ಧ್ಯಾನದ ಕ್ರಮದೊಳಗೇ ಸೇರಿದ್ದಿತೆಂಬುದನ್ನು ಅದು ದೃಢಪಡಿಸುತ್ತದೆ. ಅಲ್ಲಿ ಮಣ್ಣಿನ ಬಿಲ್ಲೆಗೆ ಮುಖವಿಲ್ಲ, ಮಂದಹಾಸವಿಲ್ಲ, ಅಕ್ಷರವೂ ಇಲ್ಲ. ಶಾಂತ ಮುಖದಿಂದಲೇ ಶಾಂತ ಚಿತ್ತ ಎಂಬ ವಿವರಣೆಗೆ ಇದಕ್ಕಿಂತ ನೇರವಾದ ಪ್ರತ್ಯುತ್ತರ ಬೇಕಿಲ್ಲ.

ಒಂದೇ ರೂಪದ ಆವರ್ತನೆಯೆಂಬುದು ಯಾಂತ್ರಿಕ, ಆದ್ದರಿಂದ ಎಚ್ಚರಹೀನ ಎಂಬ ತೀರ್ಪನ್ನೂ ಪರಿಶೀಲಿಸಬೇಕು. ಇದೇ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಹರಕೆ ಹೊತ್ತವರು ಪ್ರತಿಷ್ಠಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಹೆಣೆದುಕೊಂಡ ಹಾವು, ಎತ್ತಿದ ಹೆಡೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಅಲ್ಪ. ತನ್ನ ಕಲ್ಲು ಬೇರೆಯವರ ಕಲ್ಲಿಗಿಂತ ಭಿನ್ನವಾಗಿರಲಿ ಎಂದು ಯಾವ ಒಕ್ಕಲೂ ಬಯಸುವುದಿಲ್ಲ. ಅದೇ ರೂಪವಾಗಿದ್ದರೆ ಮಾತ್ರ ಹರಕೆ ಸಲ್ಲುತ್ತದೆ. ಆದರೆ ಪ್ರತಿ ಕಲ್ಲಿನ ಹಿಂದೆಯೂ ಒಂದು ಮನೆಯ ಕಾತರವಿದೆ, ಮಗುವಿಲ್ಲದ ನೋವಿದೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಸೂರ್ಯ ಸದಾಶಿವರುದ್ರ ದೇವಾಲಯದಲ್ಲಿ ಹರಕೆಯೇ ಮಣ್ಣಿನದು. ಮನೆ ಬೇಕಾದವರು ಮಣ್ಣಿನ ಮನೆ, ಮಗು ಬೇಕಾದವರು ಮಣ್ಣಿನ ಮಗು, ಹೀಗೆ ಸಲ್ಲಿಸಿದ ಗೊಂಬೆಗಳು ಹರಕೆಬನದಲ್ಲಿ ರಾಶಿಬಿದ್ದು, ಮಳೆಗೆ ಕರಗಿ, ಮತ್ತೆ ಮಣ್ಣಾಗುತ್ತವೆ. ಸಲ್ಲಿಸಿದವರಾರೂ ಅವನ್ನು ಕಾಪಾಡಲು ಬರುವುದಿಲ್ಲ.

ಈ ಹೋಲಿಕೆಗಳಿಂದ ಅವಸರದ ನಿರ್ಣಯಕ್ಕೆ ಹಾರುವುದು ಜಾನಪದ ಬರಹಗಳ ಹಳೆಯ ಚಾಳಿ. ರಾಜಘಟ್ಟದ ಕಿರುಸ್ತೂಪವೇ ಕಾಲಾಂತರದಲ್ಲಿ ಘಾಟಿಯ ನಾಗರಕಲ್ಲಾಯಿತು, ಬೌದ್ಧರ ಹರಕೆಯೇ ಜನಪದರ ಹರಕೆಯಾಗಿ ಉಳಿದುಬಂತು ಎಂದು ಬರೆಯುವುದು ಸುಲಭ. ಸಾಧಾರವಾಗಿ ತೋರಿಸುವುದು ಅಸಾಧ್ಯ. ಒಂದೇ ತಾಲ್ಲೂಕಿನಲ್ಲಿ ಇರುವುದು ಪರಂಪರೆಗೆ ಸಾಕ್ಷ್ಯವಲ್ಲ. ಹೋಲಿಕೆಯ ಉಪಯೋಗ ಬೇರೆ. ಆವರ್ತನೆಯನ್ನು ಕಲೆಯ ಕೊರತೆಯಾಗಿ ಕಾಣುವ ಕಣ್ಣು ಈ ನಾಡಿನ ಬಹುಪಾಲು ಶಿಲ್ಪಕ್ರಿಯೆಯನ್ನು ಕಾಣಲಾರದೆಂಬುದನ್ನು ಅದು ತಿಳಿಸುತ್ತದೆ. ಹರಕೆಯ ವಸ್ತುವಿನಲ್ಲಿ ಹೊಸತನ್ನು ಹುಡುಕಬೇಕಾದುದು ರೂಪದಲ್ಲಲ್ಲ, ಪ್ರತಿ ಬಾರಿಯೂ ಅದನ್ನು ಮಾಡಿಸುವವರ ಸ್ಥಿತಿಯಲ್ಲಿ.

ಕರ್ನಾಟಕದ ಇತರ ಬೌದ್ಧ ಶಿಲ್ಪಗಳೂ ಶಾಂತಮುಖದ ವಿವರಣೆಗೆ ಅಷ್ಟಾಗಿ ಒಗ್ಗುವುದಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪದ ಸುಣ್ಣಕಲ್ಲಿನ ಉಬ್ಬುಶಿಲ್ಪಗಳು ದೊರೆತವು. ರಾಯ ಅಶೋಕನೆಂಬ ಹೆಸರನ್ನು ಕೊರೆದ ಫಲಕದಿಂದಾಗಿ ಅವು ಲೋಕಪ್ರಸಿದ್ಧವಾಗಿವೆ. ಆ ಫಲಕಗಳಲ್ಲಿ ಹಲವೆಡೆ ಬುದ್ಧನಿರಬೇಕಾದಲ್ಲಿ ಇರುವುದು ಬರಿದಾದ ಪೀಠ, ಪಾದದ ಗುರುತು, ಬೋಧಿವೃಕ್ಷ. ನೋಡುವವನು ನೆನೆದು ತುಂಬಿಕೊಳ್ಳಬೇಕಾದ ತೆರವು ಅದು. ಅಲ್ಲದೆ ಅವು ಒಂದೆಡೆ ನಿಂತು ನೋಡುವಂಥವಲ್ಲ. ಸುತ್ತುಬರುತ್ತ, ಬಲಕ್ಕೆ ನಡೆಯುತ್ತ, ಒಂದಾದ ಮೇಲೊಂದಾಗಿ ಕಾಣುವಂಥವು. ಅಲ್ಲಿ ಕರೆ ಕಾಲಿಗೆ. ಮಂಗಳೂರಿನ ಕದ್ರಿಯ ಲೋಕೇಶ್ವರನದು ಇನ್ನೊಂದು ಬಗೆ. ಆಳುಪ ಅರಸು ಕುಂದವರ್ಮನ ಕ್ರಿ.ಶ. 968ರ ಶಾಸನವನ್ನು ಪೀಠದಲ್ಲಿ ಹೊತ್ತ, ಮೂರು ಮುಖ ಆರು ತೋಳಿನ ಆ ಕಂಚಿನ ಪ್ರತಿಮೆಗೆ ಶಾಂತ ಮುಖವಿದೆ. ಆದರೆ ಪ್ರತಿಷ್ಠಿಸಿದ ಅರಸು ತನ್ನನ್ನು ಶಿವಭಕ್ತನೆಂದು ಹೇಳಿಕೊಳ್ಳುತ್ತಾನೆ. ಪ್ರತಿಮೆ ಇಂದಿಗೂ ಮಂಜುನಾಥನ ಆವರಣದಲ್ಲಿದೆ. ಅಲ್ಲಿಗೆ ಬರುವವರು ಮುಖವನ್ನು ಧ್ಯಾನಿಸಲು ಬರುವುದಿಲ್ಲ, ದೇವರಿಗೆ ಕೈಮುಗಿಯಲು ಬರುತ್ತಾರೆ. ಹಾಗೆಂದು ಅವರ ನೋಟ ಕಡಿಮೆ ಎಚ್ಚರದ್ದೆಂದು ಹೇಳುವ ಅಧಿಕಾರ ವಿಮರ್ಶೆಗೆ ಇಲ್ಲ.

ಶಾಂತಮುಖದ ವಿವರಣೆ ಇಷ್ಟು ಪ್ರಬಲವಾಗಿರುವುದಕ್ಕೆ ಇಂದಿನ ಬಳಕೆಯೂ ಕಾರಣ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣ ಆರಂಭವಾದ ಮೇಲೆ ಈ ಜಿಲ್ಲೆಯ ಹೊಲಗಳ ನಡುವೆ ಎದ್ದ ಬಡಾವಣೆ, ವಿಹಾರಧಾಮ, ಹೋಟೆಲುಗಳ ಹೆಬ್ಬಾಗಿಲಲ್ಲಿ ಸಿಮೆಂಟಿನ, ಫೈಬರಿನ ಬುದ್ಧನ ತಲೆಗಳು ಕಾಣಸಿಗುತ್ತವೆ. ಬಹುಪಾಲು ತಲೆ ಮಾತ್ರ, ದೇಹವಿಲ್ಲ, ಕೈಯಿಲ್ಲ. ಪಕ್ಕದಲ್ಲಿ ನೀರು ಚಿಮ್ಮುವ ಕಾರಂಜಿ. ಇವನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ಶಾಸ್ತ್ರೀಯ ವಿಮರ್ಶೆ ಹೇಳಿಕೊಂಡು ಬಂದ ಮಾತನ್ನೇ ಇವು ಅಕ್ಷರಶಃ ಪಾಲಿಸಿವೆ ಎಂಬುದನ್ನು ಗಮನಿಸಬೇಕು: ಎಚ್ಚರವೆಲ್ಲ ಮುಖದಲ್ಲಿದೆಯಾದರೆ ಮುಖವೊಂದೇ ಸಾಕಲ್ಲ. ಇದಕ್ಕೆ ವಿರುದ್ಧವಾಗಿ, ತುಮಕೂರು ರಸ್ತೆಯಲ್ಲಿ ನೆಲಮಂಗಲದ ದಿಕ್ಕಿಗೆ ಆಲೂರಿನ ಬಳಿಯಿರುವ ವಿಪಶ್ಯನಾ ಕೇಂದ್ರದ ಪರಂಪರೆಯಲ್ಲಿ ಧ್ಯಾನಮಂದಿರದೊಳಗೆ ಬುದ್ಧನ ಪ್ರತಿಮೆಯನ್ನೇ ಇಡುವುದಿಲ್ಲ. ಒಂದು ಕಡೆ ಎಚ್ಚರವಿಲ್ಲದ ಶಿಲ್ಪ, ಇನ್ನೊಂದು ಕಡೆ ಶಿಲ್ಪವಿಲ್ಲದ ಎಚ್ಚರ. ಎರಡೂ ಕಡೆ ಮಣ್ಣು ಮುಟ್ಟುವ ಕೈಗೆ ಕೆಲಸವಿಲ್ಲ. ಆ ಕೈ ಉಳಿದಿರುವುದು ಟಿಬೆಟನ್ನರಲ್ಲಿ. ‘ತ್ಸಾ ತ್ಸಾ’ ಎಂದು ಕರೆಯುವ ಮಣ್ಣಿನ ಕಿರುಸ್ತೂಪಗಳನ್ನು ಅಚ್ಚಿನಲ್ಲಿ ಒತ್ತಿ ಮಾಡುವ ಪದ್ಧತಿಯನ್ನು ಅವರ ಪರಂಪರೆ ಇಂದಿಗೂ ಕಾಪಾಡಿಕೊಂಡಿದೆ. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಈ ಸಮುದಾಯದ ಪದ್ಧತಿಯನ್ನು ರಾಜಘಟ್ಟದ ವಸ್ತುಗಳೊಂದಿಗೆ ಎದುರುಬದುರಾಗಿಟ್ಟು ಕ್ಷೇತ್ರಕಾರ್ಯ ಮಾಡಲು ಕನ್ನಡ ಸಂಶೋಧಕನಿಗೆ ರಾಜ್ಯದ ಗಡಿ ದಾಟಬೇಕಾದ ಅಗತ್ಯವಿಲ್ಲ.

ಕೊನೆಯದಾಗಿ ಒಂದು ವಿಧಾನದ ತೊಡಕು. ಒಳಗಿನ ಬಿಲ್ಲೆಯನ್ನು ಓದಬೇಕಾದರೆ ಸ್ತೂಪ ಒಡೆದಿರಬೇಕು, ಇಲ್ಲವೆ ಒಡೆಯಬೇಕು. ಗಾಥೆಯನ್ನು ಗುರುತಿಸಿ ಕಾಲನಿರ್ಣಯ ಮಾಡಲು ಸಾಧ್ಯವಾದುದು ಬಿಲ್ಲೆ ಹೊರಬಂದುದರಿಂದಲೇ. ಸಂಶೋಧನೆ ಬೆಲೆಕಟ್ಟುವುದು ಒಡೆದ ಸ್ತೂಪಕ್ಕೆ, ಏಕೆಂದರೆ ಅಕ್ಷರ ಕಾಣುವುದು ಅಲ್ಲಿ. ಮಾಡಿದವನ ಲೆಕ್ಕದಲ್ಲಿ ಬೆಲೆಯುಳ್ಳದ್ದು ಒಡೆಯದ ಸ್ತೂಪ, ಏಕೆಂದರೆ ಅಕ್ಷರ ಇರುವುದು ಅಲ್ಲಿ. ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಬಿಲ್ಲೆಯನ್ನು ಒಂದು ಕಡೆ, ಸ್ತೂಪದ ಚಿಪ್ಪನ್ನು ಇನ್ನೊಂದು ಕಡೆ ಇಟ್ಟು ಬೇರೆ ಬೇರೆ ಕ್ರಮಸಂಖ್ಯೆ ಕೊಟ್ಟರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ಯಾವ ಬಿಲ್ಲೆ ಯಾವ ಸ್ತೂಪದ ಒಡಲಿನದು, ಮಣ್ಣಿನ ಮೇಲೆ ಬೆರಳಚ್ಚು ಉಳಿದಿದೆಯೇ, ಮುದ್ರೆ ನೇರವಾಗಿ ಬಿದ್ದಿದೆಯೇ ಓರೆಯಾಗಿದೆಯೇ, ಒಂದೇ ಮುದ್ರೆಯಿಂದ ಎಷ್ಟು ಬಿಲ್ಲೆಗಳು ಹೊರಟಿವೆ ಎಂಬ ವಿವರಗಳು ಪಟ್ಟಿಯಲ್ಲಿ ಸೇರಬೇಕು. ಬೇರೆಡೆ ಇಂಥ ವಸ್ತುಗಳನ್ನು ಒಡೆಯದೆ ಕ್ಷಕಿರಣದಿಂದ ಪರೀಕ್ಷಿಸುವ ಕ್ರಮವಿದೆ. ರಾಜಘಟ್ಟದ ಇಡಿ ಸ್ತೂಪಗಳನ್ನು ಆ ಕ್ರಮದಿಂದಲೇ ಪರೀಕ್ಷಿಸುವುದು ಯುಕ್ತ. ಅವುಗಳ ಬಾಯಿ ತೆರೆಯಬೇಕಾಗಿಲ್ಲ.